ಎಡಗಡೆ ಕೆಲಸ ಮಾಡದ ಹೆಡ್‌ಸೆಟ್

ಹೆಡ್‌ಸೆಟ್ ಕೊಳ್ಳುವುದು ಬಟ್ಟೆ ಕೊಂಡಷ್ಟೇ ಸುಲಭ ಅಂದುಕೊಂಡಿದ್ದೆ. ಮುಟ್ಟಿ ನೋಡುವುದು, ಹೊಲಿಗೆ ಜಗ್ಗಿ ನೋಡುವುದು, ಚೌಕಾಸಿ ಮಾಡಿ ತರುವುದು. ಜಿಪ್ಪು ಬದಲಾಯಿಸುತ್ತ, ಪ್ಯಾಂಟಿನ ಕಾಲು ಮಡಿಸಿ ಹೊಲಿಯುತ್ತ, ಊರವರ ಸೊಂಟಗಳನ್ನು ಬಿಗಿ ಸಡಿಲ ಮಾಡುತ್ತ ಇಪ್ಪತ್ತೆಂಟು ವರ್ಷ ಕಳೆದವಳು ನಾನು. ಯಾವುದು ಮಾಲು, ಯಾವುದು ಬರೀ ಥಳುಕು ಎಂದು ಬೆರಳಿಗೇ ಗೊತ್ತಾಗುತ್ತದೆ ಎಂಬ ಜಂಬ ಬೇರೆ ಇತ್ತು. ಆ ಅಂಗಡಿಯ ಗೋಡೆ ತುಂಬ ನೇತಾಡುತ್ತಿದ್ದ ಹೆಡ್‌ಸೆಟ್‌ಗಳ ಮುಂದೆ ನಿಂತಾಗ ಜಂಬ ಇಳಿಯಿತು.

ಬರಿಗೈಯಲ್ಲಿ ವಾಪಸ್ ಹೋಗುವ ಹಾಗಿರಲಿಲ್ಲ. ನನ್ನ ತಂಗಿ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಅವಳ ಮಗಳನ್ನು ನಾವು ಗುಬ್ಬಿ ಅನ್ನುತ್ತೇವೆ, ಹದಿಮೂರು ವರ್ಷ. ಅಮ್ಮ ಹೋದ ಮೇಲೆ ಅವಳು ಅಪ್ಪನ ಜೊತೆ ಬೇರೆ ಊರು ಸೇರಿದಳು. ಆ ಅಪ್ಪನಿಗೂ ನನಗೂ ಅಷ್ಟಕ್ಕಷ್ಟೆ. ಫೋನ್ ಮಾಡಿದರೆ ಚೆನ್ನಾಗಿದ್ದಾಳೆ ಅಂದು ಇಟ್ಟುಬಿಡುತ್ತಾನೆ. ಗುಬ್ಬಿಯೂ ಫೋನಿನಲ್ಲಿ ಹೂಂ, ಊಹೂಂ ಬಿಟ್ಟು ಮೂರನೆಯದು ಆಡುವವಳಲ್ಲ. ಆದರೆ ಆಟಕ್ಕೆ ಕೂತರೆ ಬಾಯಿ ಬಿಡುತ್ತಾಳೆ. ದಿನಾ ಸಂಜೆ ಆರರಿಂದ ಏಳರವರೆಗೆ ನಾವಿಬ್ಬರೂ ಲ್ಯಾಪ್‌ಟಾಪಿನಲ್ಲಿ ಒಂದು ಪಾಳು ಊರಿಗೆ ಇಳಿದು, ನಮ್ಮ ಹಾಗೆ ಜೋಡಿಯಾಗಿ ಬಂದವರನ್ನು ಹುಡುಕಿ ಹೊಡೆಯುತ್ತೇವೆ. ಗುಂಡು ಹಾರಿಸುತ್ತಲೇ ಶಾಲೆಯ ಜಗಳ, ಅಪ್ಪನ ಸಿಟ್ಟು, ಅಮ್ಮನ ಸುದ್ದಿ ಎಲ್ಲ ಹೊರಗೆ ಬರುತ್ತದೆ. ಐವತ್ತೆರಡರ ಹೆಂಗಸು ಬಂದೂಕು ಹಿಡಿದು ಓಡುವುದು ಕಂಡು ನಗುವವರು ನಗಲಿ. ಆ ಒಂದು ಗಂಟೆ ತಪ್ಪಿದರೆ ಆ ಹುಡುಗಿ ನನ್ನ ಕೈತಪ್ಪಿದ ಹಾಗೆಯೇ.

ತೊಂದರೆ ಏನೆಂದರೆ, ಆಟದಲ್ಲಿ ನಾನು ದಂಡಪಿಂಡ. ಏಳನೇ ವಯಸ್ಸಿನಲ್ಲಿ ಬಂದ ಜ್ವರ ನನ್ನ ಎಡಗಿವಿಯನ್ನು ತಿಂದುಹಾಕಿತು. ಹೆಜ್ಜೆ ಸಪ್ಪಳ ಯಾವ ಕಡೆಯಿಂದ ಬಂತೆಂದು ನನಗೆ ತಿಳಿಯುವುದಿಲ್ಲ, ತಿಳಿಯುವಷ್ಟರಲ್ಲಿ ಸತ್ತಿರುತ್ತೇನೆ. ತಂಗಿ ಇದ್ದಾಗ ಬೀದಿಯಲ್ಲಿ ಸದಾ ನನ್ನ ಎಡಕ್ಕೇ ನಡೆಯುತ್ತಿದ್ದಳು. ಕತ್ತು ಮುಂದೆ ಚಾಚಿ, ನನ್ನ ಬಲಗಿವಿಗೆ ಬೀಳುವ ಹಾಗೆ, ಅಕ್ಕ ಸೈಕಲ್, ಅಕ್ಕ ನಾಯಿ ಎಂದು ಎಡಗಡೆಯ ಲೋಕವನ್ನೆಲ್ಲ ನನಗೆ ಒಪ್ಪಿಸುತ್ತಿದ್ದಳು. ಆಟದಲ್ಲಿ ಹಾಗೆ ಒಪ್ಪಿಸುವವರು ಯಾರೂ ಇರಲಿಲ್ಲ. ಮುಂದಿನ ತಿಂಗಳು ಜೋಡಿಗಳ ಪಂದ್ಯವಿತ್ತು, ಗುಬ್ಬಿಯ ಗೆಳತಿಯೊಬ್ಬಳು ನನ್ನ ಜಾಗಕ್ಕೆ ಬರಲು ತುದಿಗಾಲಲ್ಲಿ ನಿಂತಿದ್ದಳು. ಗುಬ್ಬಿ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಮೊದಲು ಒಂದು ಹೆಡ್‌ಸೆಟ್ ತಗೋ ದೊಡ್ಡಮ್ಮ, ನಿನ್ನ ಸ್ಪೀಕರಿನಿಂದ ನನ್ನ ಮಾತೇ ನನಗೆ ವಾಪಸ್ ಬರುತ್ತೆ ಅಂದಳು, ಅಷ್ಟೆ.

ಏನೇನು ನೋಡಬೇಕೆಂದು ಪಾಠವನ್ನೂ ಮಾಡಿದ್ದಳು. ತಂತಿ ಇರುವುದೇ ಬೇಕು, ತಂತಿ ಇಲ್ಲದ್ದರಲ್ಲಿ ಸದ್ದು ತಡವಾಗಿ ಬರುತ್ತೆ. ಕಿವಿ ಪೂರ್ತಿ ಮುಚ್ಚಬೇಕು. ಮೈಕು ಬಾಯಿಯ ಹತ್ತಿರ ಬರಬೇಕು. ಬಣ್ಣದ ದೀಪಕ್ಕೆ ಮರುಳಾಗಬೇಡ. ನನ್ನ ಮಿತಿ ಎರಡು ಸಾವಿರ. ಅಂಗಡಿಯವನು ಮೊದಲು ತೆಗೆದದ್ದೇ ದೀಪದ್ದು, ಅದೂ ಐದು ಸಾವಿರದ್ದು. ನಾನು ಮುಖ ತಿರುಗಿಸಿದ ಮೇಲೆ ಒಂದೊಂದಾಗಿ ಕೆಳಗಿಳಿದ. ಒಂದು ತಲೆಯನ್ನು ಇಕ್ಕಳದ ಹಾಗೆ ಹಿಡಿಯಿತು. ಇನ್ನೊಂದರಲ್ಲಿ ಬರೀ ಧಡಬಡ, ಹೆಜ್ಜೆ ಸಪ್ಪಳ ಅದರಡಿ ಹೂತುಹೋಯಿತು. ಮೂರನೆಯದರ ಮೆತ್ತೆ ನಾನು ಹೊಲಿಗೆ ಜಗ್ಗಿ ನೋಡಿದ್ದಕ್ಕೇ ಕಿತ್ತುಬಂತು, ಅವನ ಮುಖ ಹುಳ್ಳಗಾಯಿತು.

ಆಗ ಕೆಳಗಿನ ಖಾನೆಯಲ್ಲಿ ಮುಚ್ಚಳವಿಲ್ಲದ ಡಬ್ಬಿಯಲ್ಲಿದ್ದ ಕಪ್ಪನೆಯದೊಂದು ನನ್ನ ಕಣ್ಣಿಗೆ ಬಿತ್ತು. ದೀಪವಿಲ್ಲ, ಥಳುಕಿಲ್ಲ, ಹೊಲಿಗೆ ಒಂದೇ ಅಳತೆ. ತಲೆಗೆ ಹಾಕಿಕೊಂಡರೆ ಹಾಕಿದ್ದೇ ಗೊತ್ತಾಗುತ್ತಿರಲಿಲ್ಲ. ಅಂಗಡಿಯವನು ಅದು ಬೇಡ ಅಂದ. ಎರಡು ಸಲ ಮಾರಿದರೂ ವಾಪಸ್ ಬಂದಿದೆಯಂತೆ. ಬಿಚ್ಚಿ ನೋಡಿದರೆ ತಂತಿಯೆಲ್ಲ ಸರಿಯಾಗೇ ಇದೆಯಂತೆ.

"ಆದ್ರೂ ಎಡಗಡೆ ಕೆಲ್ಸ ಮಾಡಲ್ಲ ಮೇಡಂ," ಅಂದ.

"ನಂದೂ ಎಡಗಡೆ ಕೆಲ್ಸ ಮಾಡಲ್ಲ," ಅಂದೆ.

ಇಲ್ಲದ ಕಿವಿಗೆ ನಾನೇಕೆ ದುಡ್ಡು ಕೊಡಬೇಕು? ಅರ್ಧ ಬೆಲೆಗೆ ಕೇಳಿದೆ, ಪೀಡೆ ತೊಲಗಿದರೆ ಸಾಕೆಂಬಂತೆ ಅವನು ಕೊಟ್ಟುಬಿಟ್ಟ. ನನ್ನಂಥ ಜಾಣೆ ಇನ್ನೊಬ್ಬಳಿಲ್ಲ ಎಂದು ಬೀಗುತ್ತ ಮನೆಗೆ ಬಂದೆ.

ಎರಡೂ ಕಡೆಯ ಸದ್ದು ಕೂಡಿ ಬಲಗಡೆಯೇ ಬರುವಂತೆ ಮಾಡಲು ಗುಬ್ಬಿ ಹೇಳಿಕೊಟ್ಟಳು. ಎರಡು ದಿನ ಎಷ್ಟು ಚೆನ್ನಾಗಿತ್ತೆಂದರೆ, ಅವಳು ಉಗುಳು ನುಂಗಿದ್ದೂ ನನಗೆ ಕೇಳಿಸುತ್ತಿತ್ತು. ಮೂರನೇ ದಿನ ಪಾಳು ಊರಿನ ಗಲ್ಲಿಯಲ್ಲಿ ಅಡಗಿದ್ದಾಗ ನನ್ನ ಎಡಗಿವಿಯಲ್ಲಿ ಯಾರೋ ಉಸಿರೆಳೆದುಕೊಂಡರು. ನಲವತ್ತೈದು ವರ್ಷ ಮುಚ್ಚಿದ್ದ ಕಿವಿ. ಅದು ಸದ್ದೇ ಎಂದು ಗುರುತು ಹಿಡಿಯಲೂ ಸ್ವಲ್ಪ ಹೊತ್ತಾಯಿತು.

"ಅಕ್ಕ, ಎಡಕ್ಕೆ. ಮೆಟ್ಟಿಲ ಕೆಳಗೆ ಇಬ್ರಿದ್ದಾರೆ."

ತಿರುಗಿ ಗುಂಡು ಹಾರಿಸಿದೆ. ಇಬ್ಬರೂ ಬಿದ್ದರು. ನಿನಗೆ ಹೇಗೆ ಗೊತ್ತಾಯ್ತು ಎಂದು ಬಲಗಿವಿಯಲ್ಲಿ ಗುಬ್ಬಿ ಕೇಳುತ್ತಿದ್ದಳು. ಅಂದಾಜು ಅಂದೆ. ಆ ದನಿ ಯಾರದೆಂದು ನನಗೆ ಇನ್ನೊಬ್ಬರು ಹೇಳಬೇಕಾಗಿರಲಿಲ್ಲ. ಹೆಡ್‌ಸೆಟ್ ಕಿತ್ತು ಮೇಜಿನ ಮೇಲೆ ಎಸೆದೆ. ಆಮೇಲೆ ಮತ್ತೆ ಹಾಕಿಕೊಂಡೆ. ಹೆದರಿಕೆ ಇತ್ತು, ಆದರೆ ಅವಳನ್ನು ಕೇಳುವ ಆಸೆ ಅದಕ್ಕಿಂತ ದೊಡ್ಡದಿತ್ತು.

ಅಂದಿನಿಂದ ದಿನಾ ಬಂದಳು. ಎಡಗಡೆ ಯಾರು, ಎಲ್ಲಿ, ಎಷ್ಟು ದೂರ ಎಲ್ಲ ಹೇಳುವಳು. ನಾವು ಗೆಲ್ಲತೊಡಗಿದೆವು. ಗುಬ್ಬಿಯ ಗೆಳತಿ ತಾನು ಪಂದ್ಯಕ್ಕೆ ಬರುವ ಮಾತು ಬಿಟ್ಟಳು. ಆದರೆ ಬಲಗಡೆಯದು ತಂಗಿಗೆ ಒಂದಿಷ್ಟೂ ಕೇಳಿಸುತ್ತಿರಲಿಲ್ಲ, ಹೆತ್ತ ಮಗಳ ಮಾತೂ ಸಹ. ಗುಬ್ಬಿ ಏನಾದರೂ ಆಡಿ ಮುಗಿಸಿದೊಡನೆ, ಅದು ಹೇಗೆ ತಿಳಿಯುತ್ತಿತ್ತೋ, "ಅವ್ಳು ಏನಂದ್ಲು ಅಕ್ಕ?" ಅನ್ನುವಳು. ನಾನು ಮೈಕು ಮುಚ್ಚಿ ಒಪ್ಪಿಸುವೆ. ಕೂದಲು ಕತ್ತರಿಸಿಕೊಂಡಳಂತೆ. ಲೆಕ್ಕದಲ್ಲಿ ಮೂವತ್ತೆಂಟು ಬಂತಂತೆ. ಅಪ್ಪ ಮಾಡಿದ ಸಾರು ಬಾಯಿಗಿಡೋಕಾಗಲ್ಲವಂತೆ. ಬೇರೆ ಏನು ಕೇಳಿದರೂ ತಂಗಿಯಿಂದ ಉತ್ತರವಿಲ್ಲ. ಎಲ್ಲಿದ್ದೀಯೆ, ಹೇಗಿದ್ದೀಯೆ ಎಂದು ಅತ್ತು ಕರೆದರೂ ಬರೀ ಉಸಿರು. ಒಂದು ಸಂಜೆ ಆಟ ಮುಗಿದು, ಲ್ಯಾಪ್‌ಟಾಪ್ ಆರಿಸಿದ ಮೇಲೂ ಹೇಳಿದಳು.

"ಅಕ್ಕ, ಎಡಗಡೆ ಬಾಗಿಲು ತೆಗೆದಿದೆ."

ನನ್ನ ಕೋಣೆಯಲ್ಲಿ ಎಡಗಡೆ ಇರುವುದು ಗೋಡೆ. ಅದಕ್ಕೆ ಒತ್ತಿಕೊಂಡೇ ಹೊಲಿಗೆ ಯಂತ್ರ ಇಟ್ಟಿದ್ದೇನೆ. ಮರುದಿನ, ಇನ್ನೂ ತೆಗೆದೇ ಇದೆ ಅಂದಳು. ಆ ರಾತ್ರಿಯಿಂದ ಹಾಸಿಗೆಯನ್ನು ಅಡುಗೆಮನೆಗೆ ಹಾಕಿಕೊಂಡೆ.

ಬಲಗಿವಿ ಮಂಕಾಗುತ್ತಿದೆಯೆಂದು ಗೊತ್ತಾಗಿದ್ದು ಯಂತ್ರದಿಂದಲೇ. ತುಳಿಯುತ್ತಿದ್ದೇನೆ, ಸೂಜಿ ಓಡುತ್ತಿದೆ, ಸದ್ದಿಲ್ಲ. ಕೋಟು ಕೊಡಲು ಬಂದ ಗಿರಾಕಿ ಕೂಗಿ ಕೂಗಿ ಸಾಕಾಗಿ ಮೇಜು ಬಡಿದ. ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಜೋರು ಸದ್ದಿನ ಕಡೆ ಕೆಲಸವೇ ಎಂದು ಚೀಟಿಯಲ್ಲಿ ಬರೆದು ಕೇಳಿದರು. ಹೀಗೇ ಇಳಿದರೆ ವಾರದೊಳಗೆ ಪೂರ್ತಿ ಹೋಗುತ್ತದೆ ಎಂದೂ ಬರೆದರು. ನನಗೆ ಕಾರಣ ಗೊತ್ತಿತ್ತು. ಲಾಡಿಯ ಒಂದು ತುದಿ ಜಗ್ಗಿದರೆ ಇನ್ನೊಂದು ತುದಿ ಒಳಕ್ಕೆ ಹೋಗುತ್ತದಲ್ಲ, ಹಾಗೆ ಎಡಗಿವಿ ತೆರೆದಷ್ಟೂ ಬಲಗಿವಿ ಮುಚ್ಚುತ್ತಿತ್ತು. ಆದರೂ ಬಿಡಲಿಲ್ಲ. ಪಂದ್ಯಕ್ಕೆ ನಾಲ್ಕೇ ದಿನ ಎಂದು ನನಗೆ ನಾನೇ ನೆಪ ಹೇಳಿಕೊಂಡೆ.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಪಂದ್ಯ. ಸದ್ದನ್ನು ಕೊನೆಯವರೆಗೆ ಏರಿಸಿದ್ದರೂ ಗುಬ್ಬಿಯ ಮಾತು ಪಕ್ಕದ ಮನೆಯ ರೇಡಿಯೋದ ಹಾಗೆ ಬರುತ್ತಿತ್ತು. ನಾಲ್ಕನೇ ಸುತ್ತಿಗೆ ಅದೂ ನಿಂತಿತು. ಎಡಗಿವಿಯ ಮಾತೊಂದನ್ನೇ ನಂಬಿ ಆಡಿದೆ, ತಂಗಿ ಹೇಳಿದ ಕಡೆಗೆಲ್ಲ ಹೊಡೆದೆ. ಗೆದ್ದೆವು. ಪರದೆಯ ಮೇಲೆ ಗುಬ್ಬಿಯ ಗೊಂಬೆ ಎಗರಿ ಎಗರಿ ಕುಣಿಯಿತು. ಆಮೇಲೆ ಕುಣಿತ ನಿಲ್ಲಿಸಿ ನನ್ನ ಗೊಂಬೆಯ ಮುಂದೆ ಬಂದು ಸುಮ್ಮನೆ ನಿಂತಿತು. ಅವಳ ಹೆಸರಿನ ಪಕ್ಕ ಮೈಕಿನ ಗುರುತು ಹೊತ್ತಿಕೊಂಡಿತು. ಅಂದರೆ ಅವಳು ಏನೋ ಹೇಳುತ್ತಿದ್ದಳು, ತುಂಬ ಹೊತ್ತು ಹೇಳುತ್ತಿದ್ದಳು. ನನಗೆ ಒಂದಕ್ಷರವೂ ಕೇಳಿಸಲಿಲ್ಲ.

"ಅವ್ಳು ಏನಂದ್ಲು ಅಕ್ಕ?"

"ಗೊತ್ತಿಲ್ಲ ಕಣೆ. ಕೇಳಿಸ್ತಿಲ್ಲ," ಎಂದು ಮೈಕು ಮುಚ್ಚಿ ಹೇಳಿದೆ.

ತಂಗಿಯ ದನಿ ಇನ್ನೂ ಹತ್ತಿರ ಬಂತು. "ಅಳ್ತಿದ್ದಾಳಾ?"

ಅದೂ ಗೊತ್ತಾಗ್ತಿಲ್ಲ ಅಂದೆ. ಮೈಕಿನ ಗುರುತು ಆರಿತು, ಹೊತ್ತಿತು, ಮತ್ತೆ ಆರಿತು.

"ಇದನ್ನ ತೆಗಿ ಅಕ್ಕ," ಅಂದಳು ತಂಗಿ. "ಅವ್ಳ ಮಾತು ಕೇಳೋಕೆ ಇರೋದು ನೀನೊಬ್ಳೇ."

ನಾನು ಎರಡೂ ಕೈಯಲ್ಲಿ ಹೆಡ್‌ಸೆಟ್ಟನ್ನು ಕಿವಿಗೆ ಒತ್ತಿ ಹಿಡಿದುಕೊಂಡೆ. ಆಸ್ಪತ್ರೆಯಲ್ಲಿ ಅವಳು ಹೋಗುವ ಹೊತ್ತಿಗೆ ನಾನು ಮಂಚದ ತಪ್ಪು ಬದಿಯಲ್ಲಿ ಕೂತಿದ್ದೆ. ಅವಳ ತುಟಿ ಅಲುಗಿದ್ದು ಕಂಡಿತು, ಮಾತು ಈ ಕೆಟ್ಟ ಎಡಗಿವಿಗೆ ಬಿತ್ತು. ಬಗ್ಗಿ ಬಲಗಿವಿ ಒಡ್ಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈ ಹದಿನೈದು ತಿಂಗಳು ನನ್ನನ್ನು ನಾನು ಬೈದುಕೊಂಡಷ್ಟು ಯಾರನ್ನೂ ಬೈದಿಲ್ಲ.

"ಅವತ್ತು ಏನಂದೆ ಅಂತ ಹೇಳು, ತೆಗೀತೀನಿ," ಅಂದೆ.

"ಅವತ್ತೂ ಇದನ್ನೇ ಅಂದಿದ್ದೆ, ಅವ್ಳಿಗೆ ಇರೋದು ನೀನೊಬ್ಳೇ ಅಂತ," ಅಂದಳು.

ಹೆಡ್‌ಸೆಟ್ ತೆಗೆದೆ. ತಂತಿ ಕಿತ್ತೆ. ಎರಡೂ ಕಿವಿಯಲ್ಲಿ ಯಾವ ಸದ್ದೂ ಇರಲಿಲ್ಲ. ಲ್ಯಾಪ್‌ಟಾಪನ್ನು ಎತ್ತಿ ಅದರ ಸ್ಪೀಕರನ್ನು ಬಲಗಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದೆ. ಎಷ್ಟು ಹೊತ್ತಾಯಿತೋ. ದೂರದಲ್ಲೆಲ್ಲೋ ದಾರದ ಎಳೆಯಷ್ಟು ಒಂದು ಸದ್ದು ಸಿಕ್ಕಿತು, ಬಿಟ್ಟುಹೋಯಿತು, ಮತ್ತೆ ಸಿಕ್ಕಿತು.

"ದೊಡ್ಡಮ್ಮ? ಹೋಗಿಬಿಟ್ಯಾ?"

"ಇಲ್ಲ ಮರಿ, ಇದ್ದೀನಿ," ಅಂದೆ. "ಇಷ್ಟೊತ್ತು ಹೇಳಿದ್ದು ಒಂದೂ ಕೇಳಿಸಿಲ್ಲ ನಂಗೆ. ಮೊದಲಿಂದ ಹೇಳು."