ಜೇಬಿನಲ್ಲಿ ಉಳಿದ ವಾಷರ್

ಗಾರ್ಮೆಂಟ್ಸ್ ಫ್ಯಾಕ್ಟರಿ ಬಾಗಿಲು ಹಾಕಿದಾಗ ಲತಾಮಣಿಗೆ ಮೂವತ್ತೊಂದು ವರ್ಷ. ಹತ್ತು ವರ್ಷ ಶರ್ಟುಗಳ ಕಾಲರ್ ಹೊಲಿದಿದ್ದಳು. ಹೊಲಿಗೆಗಿಂತ ಅವಳಿಗೆ ಹೊಲಿಗೆ ಯಂತ್ರದ ಮೇಲೇ ಪ್ರೀತಿ ಜಾಸ್ತಿ. ಯಂತ್ರ ಕೆಟ್ಟರೆ ಮೆಕ್ಯಾನಿಕ್ ಬರುವವರೆಗೆ ಕಾಯದೆ ತಾನೇ ಸ್ಕ್ರೂ ಬಿಚ್ಚಿ, ಒಳಗೆ ಇಣುಕಿ, ಸರಿ ಮಾಡಿ ಬೈಸಿಕೊಳ್ಳುತ್ತಿದ್ದಳು. ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಯಡಿಯೂರಿನ ಎರಡು ಕೋಣೆಯ ಮನೆಯಲ್ಲಿ ತಾಯಿ ಕೆಂಪಕ್ಕ, ಮೂರನೇ ಕ್ಲಾಸಿನ ಮಗಳು ವನಿತಾ, ಇವಳು.

ಹೆಂಗಸರಿಗೆ ವಾಹನ ರಿಪೇರಿ ಕಲಿಸುವ ಆರು ತಿಂಗಳ ಉಚಿತ ತರಬೇತಿಯೊಂದಿದೆ ಅಂತ ಯಾರೋ ಹೇಳಿದರು. ಸೇರಿದಳು, ಮುಗಿಸಿದಳು. ಆಮೇಲೆ ಜೆ.ಪಿ. ನಗರದ ಒಂದು ಕಾರ್ ಶೋರೂಮಿನ ಹಿಂದಿರುವ ಸರ್ವಿಸ್ ವರ್ಕ್‌ಶಾಪಿನಲ್ಲಿ ಟ್ರೈನಿ ಅಂತ ತಗೊಂಡರು. ಬಾಕಿ ಟ್ರೈನಿಗಳೆಲ್ಲ ಐಟಿಐ ಮುಗಿಸಿ ಬಂದ ಇಪ್ಪತ್ತರ ಹುಡುಗರು. ಮೊದಲ ದಿನವೇ ಅವರು ಇವಳನ್ನು "ಆಂಟಿ" ಅಂದರು. ಇವಳು ನಕ್ಕಳು. ಒಳಗೆ ಸ್ವಲ್ಪ ಚುಚ್ಚಿತು.

ಅವಳನ್ನು ಪಿಳ್ಳಣ್ಣನವರ ಕೈಕೆಳಗೆ ಹಾಕಿದರು. ಪಿಳ್ಳಣ್ಣ ಪಕ್ಕದ ಸಾರಕ್ಕಿಯವರೇ, ಐವತ್ತೈದರ ಆಸುಪಾಸು. ವರ್ಕ್‌ಶಾಪಿನಲ್ಲಿ ಎಲ್ಲರಿಗಿಂತ ಹಳಬರು. ಇಂಜಿನ್ ಶಬ್ದ ಕೇಳಿಯೇ ರೋಗ ಹೇಳುತ್ತಾರೆ ಅಂತ ಹೆಸರು. ಮಾತು ಕಡಿಮೆ. ಮೊದಲ ವಾರ ಪೂರ್ತಿ ಅವರು ಅವಳಿಗೆ ಹೇಳಿದ್ದು ಒಂದೇ: "ನೋಡ್ತಾ ಇರಮ್ಮ." ಎರಡನೇ ವಾರ ಸ್ಪಾನರ್ ಕೈಗೆ ಕೊಟ್ಟರು. ಅವಳು ಬೋಲ್ಟ್ ಬಿಗಿ ಮಾಡುವುದನ್ನು ನೋಡಿ, "ಕೈ ಚೆನ್ನಾಗೈತೆ. ಎಲ್ಲಿ ಕಲಿತೆ?" ಅಂದರು.

"ಹೊಲಿಗೆ ಮಿಷಿನ್ ಬಿಚ್ತಿದ್ದೆ ಅಣ್ಣ."

"ಅದಕ್ಕೇ. ಈ ಹುಡುಗರು ನಟ್ ಮುರಿಯೋ ತನಕ ಬಿಡಲ್ಲ."

ಆ ಮಾತನ್ನು ಲತಾಮಣಿ ಅವತ್ತು ಮನೆಗೆ ಹೋಗಿ ಎರಡು ಸಲ ತಾಯಿಗೆ ಹೇಳಿದಳು.

ಎರಡು ತಿಂಗಳು ಹೀಗೆ ಚೆನ್ನಾಗಿಯೇ ನಡೆಯಿತು. ಒಂದು ಶುಕ್ರವಾರ ಮಧ್ಯಾಹ್ನ ಹನುಮಂತನಗರದ ಚಕ್ರಪಾಣಿ ಅನ್ನುವವರ ಕಾರು ಸರ್ವಿಸಿಗೆ ಬಂತು. ಕಾರನ್ನು ಲಿಫ್ಟಿನಲ್ಲಿ ಏರಿಸಿ, ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿ ಹಳೇ ಆಯಿಲ್ ಇಳಿಸಿದಳು. ಹಾಗೆ ಬಿಚ್ಚಿದಾಗಲೆಲ್ಲ ಬೋಲ್ಟಿಗೆ ಹೊಸ ವಾಷರ್ ಹಾಕಬೇಕು. ಉಂಗುರದಂಥ ಸಣ್ಣ ತಾಮ್ರದ ಬಿಲ್ಲೆ. ಅದಿಲ್ಲದಿದ್ದರೆ ಆಯಿಲ್ ಜಿನುಗುತ್ತದೆ. ಸ್ಟೋರಿನಿಂದ ತಂದ ವಾಷರನ್ನು ಜೇಬಿಗೆ ಹಾಕಿಕೊಂಡಿದ್ದಳು. ಆಯಿಲ್ ಇನ್ನೂ ತೊಟ್ಟಿಕ್ಕುತ್ತಿತ್ತು, ವಾಷರ್ ಹಾಕಿ ಬಿಗಿಯುವುದು ಆಮೇಲೆ ಅಂತ ಬೋಲ್ಟನ್ನು ಸದ್ಯಕ್ಕೆ ಬೆರಳಲ್ಲಿ ಎರಡು ಸುತ್ತು ತಿರುಗಿಸಿ ನಿಲ್ಲಿಸಿದಳು. ಅಷ್ಟರಲ್ಲಿ ಸ್ಕೂಲಿನಿಂದ ಫೋನು. ವನಿತಾಗೆ ಜ್ವರ, ಬಂದು ಕರಕೊಂಡು ಹೋಗಿ ಅಂದರು. ಆಚೆ ಹೋಗಿ ತಾಯಿಗೆ ಫೋನ್ ಮಾಡಿ, ಸ್ಕೂಲಿಗೆ ಕಳಿಸಿ, ಮತ್ತೆ ಸ್ಕೂಲಿನವರಿಗೆ ಹೇಳಿ ಬರುವ ಹೊತ್ತಿಗೆ ಕಾಲು ಗಂಟೆ. ಬೋಲ್ಟ್ ಬಿಗಿಯಾಗಿದೆ ಅಂದುಕೊಂಡು ಪಿಳ್ಳಣ್ಣ ಕಾರಿಳಿಸಿ ಹೊಸ ಆಯಿಲ್ ತುಂಬಿಸಿಯಾಗಿತ್ತು. ಅವರೇ ಬಿಗಿ ಮಾಡಿರುತ್ತಾರೆ ಅಂತ ಇವಳೂ ಅಂದುಕೊಂಡಳು. ನಿಜ ಹೇಳಬೇಕೆಂದರೆ, ಅವಳ ತಲೆಯಲ್ಲಿ ಆಗ ಜ್ವರ ಬಿಟ್ಟು ಬೇರೇನೂ ಇರಲಿಲ್ಲ. ನಾಲ್ಕು ಗಂಟೆಗೆ ಚಕ್ರಪಾಣಿ ಬಂದು ಕಾರು ತೆಗೆದುಕೊಂಡು ಹೋದರು.

ಐದೂವರೆಗೆ ಯೂನಿಫಾರ್ಮ್ ಬದಲಿಸುವಾಗ ಜೇಬಿನಲ್ಲಿ ಏನೋ ಕೈಗೆ ಸಿಕ್ಕಿತು. ತೆಗೆದು ನೋಡಿದಳು. ಹೊಚ್ಚ ಹೊಸ ವಾಷರ್.

ಒಂದು ನಿಮಿಷ ಅಲ್ಲೇ ಬೆಂಚಿನ ಮೇಲೆ ಕೂತಳು. ಯಾರೂ ನೋಡಿರಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ, ಮನೆಯಲ್ಲಿ ಜ್ವರದ ಮಗು. ಬೋಲ್ಟನ್ನು ಪಿಳ್ಳಣ್ಣ ಬಿಗಿ ಮಾಡಿದ್ದರೆ ಒಂದೆರಡು ಹನಿ ಸೋರಬಹುದು ಅಷ್ಟೆ. ಮಾಡಿರದಿದ್ದರೆ? ಬೋಲ್ಟ್ ದಾರಿಯಲ್ಲಿ ಕಳಚಿ ಬಿದ್ದರೆ? ಎದ್ದು ಹೊರಗೆ ಓಡಿದಳು.

ಪಿಳ್ಳಣ್ಣ ಸ್ಕೂಟರ್ ಸ್ಟಾರ್ಟ್ ಮಾಡುತ್ತಿದ್ದರು. ಅವಳು ಅಂಗೈ ಬಿಡಿಸಿ ತೋರಿಸಿದಳು. "ಅಣ್ಣ, ನೀವು ಬೋಲ್ಟ್ ಟೈಟ್ ಮಾಡಿದ್ರಾ?"

ಅವರು ವಾಷರನ್ನು ನೋಡಿದರು, ಅವಳ ಮುಖ ನೋಡಿದರು. "ನಾನು ಮುಟ್ಲಿಲ್ಲ" ಅಂದರು. ಸ್ಕೂಟರ್ ಆರಿಸಿದರು. ಬೈಯಲಿಲ್ಲ. ಆಫೀಸಿಗೆ ಹೋಗಿ ನಂಬರ್ ತೆಗೆದು ಫೋನ್ ಮಾಡಿದರು: "ಸಾರ್, ಕಾರು ಎಲ್ಲೈತೆ? ಮನೇಲಾ? ಸ್ಟಾರ್ಟ್ ಮಾಡ್ಬೇಡಿ ಸಾರ್, ನಾವು ಬರ್ತಿದೀವಿ." ಒಂದು ಜಾಕಿ, ಸ್ಟಾಂಡು, ಟ್ರೇ, ಆಯಿಲ್ ಡಬ್ಬ, ಸ್ಪಾನರ್ ಎಲ್ಲ ಚೀಲಕ್ಕೆ ತುಂಬಿ ಅವಳ ಕೈಗೆ ಕೊಟ್ಟು, ಮತ್ತೆ ಸ್ಕೂಟರ್ ಸ್ಟಾರ್ಟ್ ಮಾಡಿ, "ಹತ್ತು" ಅಂದರು.

ಬನಶಂಕರಿ ಕಡೆಯ ಸಂಜೆ ಟ್ರಾಫಿಕ್ಕಿನಲ್ಲಿ ನುಸುಳಿ ಹನುಮಂತನಗರದ ಏರು ಹತ್ತುವ ಹೊತ್ತಿಗೆ ಆರೂವರೆ. ಹಳೇ ಮನೆ, ಮುಂದೆ ಕಾರು ನಿಲ್ಲುವಷ್ಟೇ ಜಾಗ. ಗೇಟಿನಲ್ಲೇ ಚಕ್ರಪಾಣಿ ನಿಂತಿದ್ದರು, ಪಕ್ಕದಲ್ಲಿ ಅವರ ಹೆಂಡತಿ ಸರಸ್ವತಿ. ಪಿಳ್ಳಣ್ಣ ಲತಾಮಣಿಯ ಕಡೆ ತಿರುಗಿ ಮೆಲ್ಲಗೆ, "ನೀನೇ ಹೇಳಮ್ಮ" ಅಂದರು.

ಅವಳು ಹೇಳಿದಳು. ಜ್ವರದ ವಿಷಯ ಎತ್ತಲಿಲ್ಲ. "ಬೋಲ್ಟ್ ಟೈಟ್ ಮಾಡೋದು ಮರೆತೆ ಸಾರ್. ತಪ್ಪು ನಂದೇ."

ಚಕ್ರಪಾಣಿಯವರ ಮುಖ ಕೆಂಪಗಾಯಿತು. "ನಾಳೆ ಬೆಳಿಗ್ಗೆ ಐದಕ್ಕೆ ನಾವಿಬ್ಬರೂ ಹಾಸನಕ್ಕೆ ಹೊರಡಬೇಕಿತ್ತು, ಗೊತ್ತಾ ನಿಮಗೆ? ಕಲಿಯೋಕೆ ನನ್ನ ಕಾರೇ ಬೇಕಿತ್ತಾ?" ಬಗ್ಗಿ ನೋಡಿದರು. ಕಾರಿನ ಕೆಳಗೆ ತಟ್ಟೆಯಗಲ ಆಯಿಲ್ ಹರಡಿತ್ತು. ಸರ್ರನೆ ಒಳಗೆ ಹೋಗಿಬಿಟ್ಟರು.

ಪಿಳ್ಳಣ್ಣ ಜಾಕಿ ಏರಿಸಿ ಸ್ಟಾಂಡು ಕೊಟ್ಟರು. ಲತಾಮಣಿ ಗೋಣಿಚೀಲ ಹಾಸಿಕೊಂಡು ಕಾರಿನಡಿ ಜಾರಿದಳು. ಕತ್ತಲೆ. ಆಗ ಪಕ್ಕದಲ್ಲಿ ಬೆಳಕು ಬಿತ್ತು. ಸರಸ್ವತಿ ಮೊಣಕಾಲು ಹಿಡಿದುಕೊಂಡು, ಉಸ್ಸಪ್ಪಾ ಅಂತ ನೆಲದ ಮೇಲೆ ಕೂತು ಮೊಬೈಲ್ ಟಾರ್ಚ್ ಹಿಡಿದಿದ್ದರು.

"ಮೇಡಂ, ನೀವ್ಯಾಕೆ..."

"ಕಾಣ್ತಿದ್ಯಾ ಸರಿಯಾಗಿ? ಇನ್ನೂ ಆ ಕಡೆ ಹಿಡೀಲಾ?"

ಬೋಲ್ಟ್ ಬೆರಳಿಗೇ ತಿರುಗಿತು. ಇನ್ನೊಂದಿಷ್ಟು ದೂರ ಓಡಿದ್ದರೆ ಕಳಚಿಯೇ ಬೀಳುತ್ತಿತ್ತು. ಬಿಚ್ಚಿ, ವಾಷರ್ ತೊಡಿಸಿ ಮತ್ತೆ ಹಾಕುವಷ್ಟರಲ್ಲಿ ಆಯಿಲ್ ಮೊಣಕೈವರೆಗೆ ಹರಿದು ಟ್ರೇಗೆ ಬಿತ್ತು. ಸ್ಪಾನರಿನಲ್ಲಿ ಬಿಗಿದಳು. ಒರೆಸಿ ನೋಡಿದಳು, ಕಾದಳು, ಮತ್ತೆ ಒರೆಸಿ ನೋಡಿದಳು. ಒಣಗಿತ್ತು. ಪಿಳ್ಳಣ್ಣ ಕಡಿಮೆಯಾದಷ್ಟು ಆಯಿಲ್ ತುಂಬಿಸಿ ಇಂಜಿನ್ ಓಡಿಸಿ ನೋಡಿದರು. ನೆಲವನ್ನು ಅವಳೇ ಸೋಪಿನ ಪುಡಿ ಹಾಕಿ ಉಜ್ಜಿದಳು. ಹೊರಡುವಾಗ ಸರಸ್ವತಿ ಗೇಟಿನವರೆಗೆ ಬಂದು, "ಬಂದು ಹೇಳಿದ್ರಲ್ಲ, ದೊಡ್ಡದು. ಅವರು ಹಾಗೇ, ಕೋಪ ಜಾಸ್ತಿ" ಅಂದರು. ಲತಾಮಣಿ ಕೈ ಮುಗಿದಳು.

ಕೋಪ ಜಾಸ್ತಿಯೇ ಇತ್ತು. ಶನಿವಾರ ಬೆಳಿಗ್ಗೆ ದೂರಿನ ಮೇಲ್ ಬಂತು. ವರ್ಕ್‌ಶಾಪ್ ಮ್ಯಾನೇಜರ್ ಶ್ರೀಕರ್ ಪಿಳ್ಳಣ್ಣನವರೊಬ್ಬರನ್ನೇ ಕರೆಸಿ ಮಾತಾಡಿದರು. ಲತಾಮಣಿ ದಿನವಿಡೀ ತನ್ನ ಸರದಿ ಕಾದಳು. ಯಾರೂ ಕರೆಯಲಿಲ್ಲ. ಸೋಮವಾರವೂ ಕರೆಯಲಿಲ್ಲ. ಬದುಕಿದೆ ಅಂದುಕೊಂಡಳು.

ಹತ್ತು ದಿನ ಕಳೆದ ಮೇಲೆ ಊಟದ ಹೊತ್ತಿನಲ್ಲಿ ಟ್ರೈನಿ ವಿಶ್ರುತ್ ಬಾಯಿ ಬಿಟ್ಟ. "ಆಂಟಿ, ನಿಮಗೆ ಗೊತ್ತಿಲ್ವಾ? ಪಿಳ್ಳಣ್ಣಂಗೆ ಮೆಮೋ ಕೊಟ್ಟಿದಾರೆ. ಮುಂದಿನ ತಿಂಗಳು ಚೆನ್ನೈಲಿ ಮೆಕ್ಯಾನಿಕ್‌ಗಳ ಕಾಂಪಿಟಿಷನ್ ಇದ್ಯಲ್ಲ, ನಮ್ಮ ಕಡೆಯಿಂದ ಅವರೇ ಹೋಗ್ಬೇಕಿತ್ತು. ಮೆಮೋ ಇದ್ರೆ ಕಳಿಸಲ್ಲ."

ಅವಳು ಊಟದ ಡಬ್ಬಿ ಮುಚ್ಚಿಟ್ಟು ಎದ್ದಳು. ಸೀದಾ ಶ್ರೀಕರ್ ರೂಮಿಗೆ ಹೋದಳು. "ಸಾರ್, ತಪ್ಪು ಮಾಡಿದ್ದು ನಾನು. ಮೆಮೋ ನನಗೆ ಕೊಡಿ."

ಶ್ರೀಕರ್ ಕಂಪ್ಯೂಟರಿನಿಂದ ತಲೆಯೆತ್ತಿದರು. "ಟ್ರೈನಿ ಹೆಸರಲ್ಲಿ ಮೆಮೋ ಬರೆದ್ರೆ ಟ್ರೈನಿಂಗ್ ಅಲ್ಲಿಗೇ ಮುಗೀತು. ನಿಮ್ಮನ್ನ ಮನೆಗೆ ಕಳಿಸ್ಬೇಕಾಗ್ತಿತ್ತು. ಪಿಳ್ಳಣ್ಣಂಗೆ ಅದು ಗೊತ್ತು. 'ನನ್ನ ಹೆಸರಿಗೆ ಬರೀರಿ, ಕಾರಿಳಿಸಿದ್ದು ನಾನು, ನೋಡ್ಬೇಕಾಗಿದ್ದೂ ನಾನು' ಅಂತ ಅವರೇ ಕೂತು ಬರೆಸ್ಕೊಂಡ್ರು."

ಪಿಳ್ಳಣ್ಣ ಒಂದು ಕಾರಿನ ಬ್ರೇಕ್ ಬಿಚ್ಚಿಕೊಂಡು ಕೂತಿದ್ದರು. ಅವಳು ಎದುರಿಗೆ ಹೋಗಿ ನಿಂತಳು. ಕಣ್ಣಲ್ಲಿ ನೀರು. "ಯಾಕಣ್ಣ ಹಂಗೆ ಮಾಡಿದ್ರಿ? ಒಂದ್ ಮಾತು ಹೇಳ್ಬಾರ್ದಿತ್ತಾ?"

"ಯಾರು ಹೇಳಿದ್ದು? ಆ ವಿಶ್ರುತ್ತಾ? ಅವನ ಬಾಯಿಗಿಷ್ಟು ಗ್ರೀಸ್ ಹಚ್ಬೇಕು" ಅಂದರು. ಕೈ ಒರೆಸಿಕೊಂಡರು. "ನೋಡಮ್ಮ, ಚೆನ್ನೈಗೆ ಎರಡು ಸಲ ಹೋಗಿ ಬಂದಿದೀನಿ. ಮುಂದಿನ ವರ್ಷಾನೂ ಇರುತ್ತೆ. ಮೂವತ್ತು ವರ್ಷದಲ್ಲಿ ಎಷ್ಟೋ ಜನರ ಜೇಬಲ್ಲಿ ವಾಷರ್ ಉಳಿದಿರುತ್ತೆ. ಬಂದು ಕೈ ಬಿಚ್ಚಿ ತೋರಿಸ್ದೋಳು ನೀನೊಬ್ಳೆ. ನಿನ್ನನ್ನ ಮನೆಗೆ ಕಳಿಸಿ ನಾನು ಯಾರಿಗೆ ಕಲಿಸ್ಲಿ? ಕೂತ್ಕೋ, ಈ ಬ್ರೇಕ್ ನೋಡು, ಯಾಕೆ ಕಿರ್ ಅಂತೈತೆ ಹೇಳು."

ಅವಳು ಕೂತಳು. ಕಣ್ಣು ಮಂಜಾಗಿ ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಂಡಿತು, ಒಂದು ಕಡೆಯ ಪ್ಯಾಡ್ ಸವೆದು ಹೋಗಿತ್ತು. ಹೇಳಿದಳು. "ಹ್ಞೂ" ಅಂದರು ಪಿಳ್ಳಣ್ಣ.

ಆ ವರ್ಷ ಆಯುಧಪೂಜೆಗೆ ಲತಾಮಣಿಯ ಕೆಲಸ ಖಾಯಂ ಆಗಿತ್ತು. ವರ್ಕ್‌ಶಾಪಿಗೆ ಬಾಳೆಕಂದು ಕಟ್ಟಿ, ಲಿಫ್ಟುಗಳಿಗೆಲ್ಲ ಚೆಂಡುಹೂವು ಹಾಕಿದ್ದರು. ಮನೆಯವರನ್ನೆಲ್ಲ ಕರಕೊಂಡು ಬರಬಹುದಿತ್ತು. ಕೆಂಪಕ್ಕ ಹೊಸ ಸೀರೆಯುಟ್ಟು, ವನಿತಾಳ ಕೈ ಹಿಡಿದು, ಸುತ್ತಲೂ ಗಾಬರಿಯಿಂದ ನೋಡುತ್ತಾ ಬಂದಳು. ಲತಾಮಣಿ ತಾಯಿಯನ್ನು ಪಿಳ್ಳಣ್ಣನವರ ಮುಂದೆ ನಿಲ್ಲಿಸಿ, ಅಲ್ಲಿಯವರೆಗೆ ಮನೆಯಲ್ಲಿ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಕಥೆಯನ್ನೆಲ್ಲ ಅವರೆದುರೇ ಒಂದೇ ಉಸಿರಿಗೆ ಹೇಳಿದಳು. ಕೆಂಪಕ್ಕ ಪೂರ್ತಿ ಕೇಳಿಸಿಕೊಂಡಳು. ತನ್ನ ಕೈಯಲ್ಲಿದ್ದ ಕಡ್ಲೆಪುರಿ ಪೊಟ್ಟಣವನ್ನೇ ಅವರ ಕೈಗಿಟ್ಟು, "ನಿಮ್ಮ ಹೊಟ್ಟೆ ತಣ್ಣಗಿರಲಿ ಕಣಪ್ಪ" ಅಂದಳು.

ಪಿಳ್ಳಣ್ಣ ನಾಚಿಕೊಂಡು ಆ ಕಡೆ ಈ ಕಡೆ ನೋಡಿದರು. ವನಿತಾ ಅವರ ಪಕ್ಕಕ್ಕೆ ಬಂದು ಪೊಟ್ಟಣದ ಕಡೆ ಕೈ ಚಾಚಿದಳು. ಅವರು ಅದನ್ನು ಬಿಚ್ಚಿ ಹಿಡಿದರು. ಇಬ್ಬರೂ ಟೂಲ್ ಬಾಕ್ಸಿನ ಮೇಲೆ ಕೂತು ಪುರಿ ತಿನ್ನತೊಡಗಿದರು.