ಪೈಲ್ವಾನನ ತಯಾರಿ

ಮಗು ಬೇಕು ಎಂದವಳು ಅವಳು. ಅದಕ್ಕೆ ತಯಾರಿ ಬೇಕು ಎಂದವನು ಪೈಲ್ವಾನ.

ಪೈಲ್ವಾನ ಎಂದರೆ ಅವಳ ಗಂಡ. ಕುಸ್ತಿ ಆಡಿದವನಲ್ಲ; ಯಾರನ್ನೂ ಕೆಡವಿದವನೂ ಅಲ್ಲ. ಮಹಡಿಯ ಮೇಲೆ, ನಾಲ್ಕು ಗೋಡೆಗೂ ಕನ್ನಡಿ ಹಾಕಿಸಿದ ಜಿಮ್ಮಿನಲ್ಲಿ ಜನರಿಂದ ಕಬ್ಬಿಣ ಎತ್ತಿಸುವುದು ಅವನ ಕಸುಬು. ಜನ ಎತ್ತುತ್ತಿದ್ದರು, ಅವನು ಕನ್ನಡಿ ನೋಡಿಕೊಳ್ಳುತ್ತಿದ್ದ. ಅದೇ ಕಟ್ಟಡದ ಕೆಳಗೆ ಅವಳ ಹೊಲಿಗೆ ಅಂಗಡಿ. ಊರವರ ಬಟ್ಟೆ ಹೊಲಿದು ಉಳಿದ ಹೊತ್ತಿನಲ್ಲಿ ಗಂಡನ ಅಂಗಿಗಳ ತೋಳು ಬಿಚ್ಚಿ ಅಗಲ ಮಾಡುವುದು ಅವಳ ಪಾಲಿಗೆ ಬಂದ ಗೃಹಕೃತ್ಯ.

ತಯಾರಿ ಎಂಬ ಮಾತು ಅವನ ಬಾಯಲ್ಲಿ ಅಲ್ಲಿಯವರೆಗೆ ದೇಹದಾರ್ಢ್ಯ ಸ್ಪರ್ಧೆಗೇ ಮೀಸಲಾಗಿತ್ತು. ವರ್ಷಕ್ಕೊಮ್ಮೆ ಮೈಗೆಲ್ಲ ಎಣ್ಣೆ ಬಳಿದುಕೊಂಡು, ಅಂಗೈಯಗಲದ ಚಡ್ಡಿಯಲ್ಲಿ ವೇದಿಕೆ ಹತ್ತಿ, ಉಸಿರು ಬಿಗಿಹಿಡಿದು ಕಂಡಕಂಡ ಕಡೆ ಮಾಂಸ ಉಬ್ಬಿಸಿ, ಬಹುಮಾನವಿಲ್ಲದೆ ಇಳಿದು ಬರುತ್ತಿದ್ದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಲ್ಲ, ತೀರ್ಪುಗಾರರಿಗೇ ಕಣ್ಣಿಲ್ಲ ಎನ್ನುತ್ತಿದ್ದ. ಈಗ ಆ ತಯಾರಿ ಹೆಂಡತಿಯ ಹೊಟ್ಟೆಯ ಕಡೆ ತಿರುಗಿತು.

"ಬಸಿರು ಅಂದ್ರೆ ಸುಮ್ನೆ ಅಲ್ಲ ಕಣೇ. ಮೊದ್ಲು ನೆಲ ಹದ ಮಾಡ್ಬೇಕು, ಆಮೇಲೆ ಬೀಜ," ಎಂದ.

ನೆಲ ಎಂದರೆ ಅವಳು. ಬೀಜದ ವಿಚಾರ ಯಾರೂ ಎತ್ತಲಿಲ್ಲ. ಅಷ್ಟು ದಪ್ಪ ತೋಳಿನವನ ಬೀಜವನ್ನು ಅನುಮಾನಿಸುವಷ್ಟು ಬುದ್ಧಿಗೇಡಿಗಳು ಆ ಮನೆಯಲ್ಲಿ ಇರಲಿಲ್ಲ.

ಹದ ಮಾಡುವ ಕೆಲಸ ಶುರುವಾಯಿತು. ಚಹಾ ಬಂದ್, ಸಕ್ಕರೆ ಬಂದ್, ಕರಿದದ್ದು ಬಂದ್. ಬೆಳಗಾದರೆ ನೆನೆಸಿದ ಬಾದಾಮಿ, ಮಧ್ಯಾಹ್ನ ಉಪ್ಪಿಲ್ಲದ ಸೊಪ್ಪು, ಸಂಜೆಗೆ ಮೊಳಕೆ ಕಾಳು. ಡಾಕ್ಟರಮ್ಮ ಬರೆದುಕೊಟ್ಟ ಫೋಲಿಕ್ ಆಸಿಡ್ ಮಾತ್ರೆಯನ್ನು ಅವಳು ಮನಸ್ಸಿಟ್ಟು ನುಂಗುತ್ತಿದ್ದಳು. ಉಳಿದದ್ದನ್ನು ಹಸು ಮೇಯ್ದ ಹಾಗೆ ಮೇಯುತ್ತಿದ್ದಳು. ಅತ್ತೆ ಬಾಗಿಲಲ್ಲಿ ಕೂತು ಅವಳ ತಟ್ಟೆ ಕಾಯುತ್ತಿದ್ದರು. ಹೊಲಿಗೆ ಮೆಷಿನ್ ತುಳಿಯಬೇಡ, ಗರ್ಭ ಅಲುಗುತ್ತೆ ಎಂದರು ಒಮ್ಮೆ. ಇಲ್ಲದ ಗರ್ಭ ಅಲುಗುವುದು ಹೇಗೆ ಎಂದು ಅವಳು ಕೇಳಲಿಲ್ಲ. ಮಗು ಬೇಕಿತ್ತು. ಮಗುವಿಗಾಗಿ ಹುಲ್ಲು ತಿನ್ನು ಎಂದಿದ್ದರೂ ತಿನ್ನುತ್ತಿದ್ದಳು.

ಪ್ರತಿ ತಿಂಗಳೂ ಮುಟ್ಟಾದಾಗ ಮನೆಯಲ್ಲಿ ವಿಚಾರಣೆ ನಡೆಯುತ್ತಿತ್ತು.

"ಏನೋ ಕದ್ದು ತಿಂದಿರ್ಬೇಕು," ಎನ್ನುತ್ತಿದ್ದರು ಅತ್ತೆ.

"ಶಿಸ್ತು ಸಾಲ್ದು ಇವಳಿಗೆ," ಎನ್ನುತ್ತಿದ್ದ ಪೈಲ್ವಾನ, ಬಾಗಿಲಾಚೆ ನಿಂತು ಸಿಗರೇಟಿನ ಹೊಗೆ ಬಿಡುತ್ತಾ. ಹೇಳೋದು ಶಾಸ್ತ್ರ, ಹಾಕೋದು ಗಾಳ.

ಅವನ ತಯಾರಿ ಏನು ಎಂದರೆ, ಸೂಜಿ. ಜಿಮ್ಮಿನ ಗೆಳೆಯನೊಬ್ಬ ತಂದುಕೊಡುವ, ಎಣ್ಣೆಯ ಹಾಗೆ ಮಂದವಾದ ಔಷಧಿ. ಅದನ್ನು ವಾರವಾರ ಸೊಂಟದ ಕೆಳಗೆ ಚುಚ್ಚಬೇಕು. ಇಷ್ಟೆಲ್ಲ ಮೈಯಿರುವ ಮನುಷ್ಯನಿಗೆ ಸೂಜಿ ಕಂಡರೆ ಕೈಕಾಲು ನಡುಕ. "ನೀನು ದರ್ಜಿ, ನಿಂಗೆ ಸೂಜಿ ಹೊಸದಾ?" ಎಂದು ಆ ಕೆಲಸವನ್ನೂ ಅವಳ ತಲೆಗೆ ಕಟ್ಟಿದ್ದ. ಬೋರಲು ಮಲಗಿ, ದಿಂಬು ಕಚ್ಚಿಕೊಂಡು, "ಮೆಲ್ಲಗೆ, ಮೆಲ್ಲಗೆ" ಎಂದು ನರಳುತ್ತಿದ್ದ. ವಿಟಮಿನ್ನು ಎಂದು ಹೇಳಿದ್ದ. ಅವಳೂ ನಂಬಿದ್ದಳು.

ಮಗುವಿನ ಮಾತು ಬಂದ ಮೇಲೆ ಅದನ್ನು ಎರಡು ಪಟ್ಟು ಮಾಡಿದ. "ಇದು ಗಂಡಸ್ತನದ ಸೂಜಿ ಕಣೇ. ನಿನ್ನ ಆಸೆಗೋಸ್ಕರ ಜಾಸ್ತಿ ತಗೋತಿದೀನಿ," ಎಂದ. ಆ ತ್ಯಾಗಕ್ಕೆ ಅವಳು ಕೃತಜ್ಞಳಾಗಿರಬೇಕಿತ್ತು, ಪಾಪ.

ವರ್ಷ ಕಳೆಯಿತು. ಡಾಕ್ಟರಮ್ಮ ಅವಳ ಪರೀಕ್ಷೆಗಳನ್ನೆಲ್ಲ ಮುಗಿಸಿ, ಇನ್ನು ಯಜಮಾನರದ್ದು ಆಗಲಿ ಎಂದರು.

"ನಂಗಾ?" ಪೈಲ್ವಾನ ಅಂಗಿಯ ತೋಳು ಮಡಚಿ ತೋರಿಸಿದ. "ಇದು ನೋಡಿ ಡಾಕ್ಟ್ರೇ."

"ಅದು ಚೆನ್ನಾಗೇ ಇದೆ. ನಾನು ಕೇಳ್ತಿರೋದು ತೋಳಿನ ಪರೀಕ್ಷೆ ಅಲ್ಲ."

ಫಲಿತಾಂಶ ಬಂತು. ವೀರ್ಯದಲ್ಲಿ ಒಂದೇ ಒಂದು ವೀರ್ಯಾಣುವೂ ಇರಲಿಲ್ಲ. ಏನಾದರೂ ಔಷಧಿ ತಗೊಳ್ತೀರಾ ಎಂದು ಡಾಕ್ಟರಮ್ಮ ಕೇಳಿದರೆ ಪೈಲ್ವಾನ ಚಾವಣಿ ನೋಡಿದ. ಸೂಜಿಯ ವಿಷಯ ಅವಳೇ ಹೇಳಬೇಕಾಯಿತು.

"ದಿನಾ ಹೊರಗಿಂದ ಊಟ ಬಂದ್ರೆ ಮನೇಲಿ ಒಲೆ ಯಾರು ಹಚ್ತಾರೆ?" ಎಂದರು ಡಾಕ್ಟರಮ್ಮ. "ನೀವು ಗಂಡಸಿನ ಹಾರ್ಮೋನನ್ನ ಹೊರಗಿಂದ ತುಂಬ್ತಿದ್ದೀರಿ. ಅದಕ್ಕೇ ನಿಮ್ಮ ಮೈ ತನ್ನ ಕೆಲಸ ನಿಲ್ಲಿಸಿಬಿಟ್ಟಿದೆ. ಸೂಜಿ ಬಿಡಿ, ಸಿಗರೇಟು ಬಿಡಿ. ಕೆಲವು ತಿಂಗಳು ಹಿಡಿಯುತ್ತೆ, ಇನ್ನೂ ಹೆಚ್ಚೇ ಆಗಬಹುದು. ಆದ್ರೆ ಬಹಳ ಮಂದಿಗೆ ಸರಿಹೋಗುತ್ತೆ."

ಪೈಲ್ವಾನ ಒಂದೇ ಒಂದು ಪ್ರಶ್ನೆ ಕೇಳಿದ. "ತೋಳು?"

"ಇಳಿಯುತ್ತೆ."

ದಾರಿಯುದ್ದಕ್ಕೂ ಅವಳ ಕಾಲು ನೆಲಕ್ಕೆ ತಾಗಲಿಲ್ಲ. ಸಂತೋಷವೇ ಆಗಿತ್ತು, ಬೇರೆ ಹೆಸರಿಲ್ಲ ಅದಕ್ಕೆ. ಕಾರಣ ಗೊತ್ತಾಗಿದೆ, ದಾರಿಯೂ ಇದೆ. ತೋಳು ಇಳಿದರೆ ಅಂಗಿಗಳನ್ನು ಬಿಗಿ ಮಾಡಿ ಹೊಲಿದರಾಯಿತು, ಅದೆಷ್ಟರ ಕೆಲಸ? ಪಕ್ಕದಲ್ಲಿ ಪೈಲ್ವಾನ ಅಂಗಡಿಗಳ ಗಾಜಿನಲ್ಲಿ ತನ್ನನ್ನು ನೋಡಿಕೊಳ್ಳುತ್ತಾ ನಡೆಯುತ್ತಿದ್ದ.

ಬಾಗಿಲಲ್ಲೇ ಅತ್ತೆ ಕಾದಿದ್ದರು. "ಏನಂದ್ರು ಮಗಾ?"

"ಇವಳ ತಯಾರಿ ಇನ್ನೂ ಸಾಲ್ದಂತಮ್ಮಾ," ಎಂದ ಪೈಲ್ವಾನ.

ಅವಳು ಅವನ ಮುಖ ನೋಡಿದಳು. ನಾಚಿಕೆಯ ಗೆರೆಯಾದರೂ ಮೂಡೀತು ಎಂದು ಕಾದಳು. ಚಪ್ಪಲಿ ಬಿಟ್ಟು ಒಳಗೆ ಹೋದ, ಅಷ್ಟೇ.

"ನಾನು ಅವತ್ತೇ ಹೇಳ್ಲಿಲ್ವಾ?" ಎಂದರು ಅತ್ತೆ.

"ಅತ್ತೆ, ನನ್ನಲ್ಲಿ ಏನೂ ದೋಷ ಇಲ್ಲ. ಆ ಸೂಜಿಯಿಂದ ನಿಮ್ಮ ಮಗನಲ್ಲಿ ಬೀಜಾನೇ ಇಲ್ವಂತೆ. ಸೂಜಿ ನಿಲ್ಸಿದ್ರೆ ಬರಬಹುದಂತೆ. ಮೈ ಸ್ವಲ್ಪ ಇಳಿಯುತ್ತಂತೆ."

ಮೊಮ್ಮಗುವಿನ ಆಸೆಯಾದರೂ ಈಗ ಅತ್ತೆಯಿಂದ ನ್ಯಾಯದ ಮಾತು ಆಡಿಸೀತು ಎಂದು ಅವಳು ಎಣಿಸಿದಳು. ಅತ್ತೆ ಒಳಗಿದ್ದ ಮಗನ ಬೆನ್ನು ನೋಡಿದರು. "ಎಷ್ಟು ಕಷ್ಟಪಟ್ಟು ಕಟ್ಟಿದ ಮೈ. ಇಳಿದ್ರೆ ನೋಡ್ದೋರು ಏನಂದಾರು? ಹೆಂಡ್ತಿ ಸರಿಯಾಗಿ ಊಟ ಹಾಕ್ಲಿಲ್ಲ ಅಂತಾರೆ," ಎಂದರು. ಹೆತ್ತವರಿಗೆ ಹೆಗ್ಗಣ ಮುದ್ದು. ಈ ಹೆಗ್ಗಣವಂತೂ ದುಂಡಗಿತ್ತು.

ಸಂಜೆ ಪೈಲ್ವಾನ ಬೀರುವಿನಿಂದ ಔಷಧಿಯ ಡಬ್ಬಿ ತೆಗೆದು ಹಾಸಿಗೆಯ ಮೇಲಿಟ್ಟ.

"ಡಾಕ್ಟ್ರು ಹೇಳಿದ್ದು ಕೇಳಿಸ್ಲಿಲ್ವಾ?" ಎಂದಳು.

"ಈ ಸಲದ ಸ್ಪರ್ಧೆ ಮುಗೀಲಿ. ಆಮೇಲೆ ನೋಡೋಣ. ಅಲ್ಲಿವರ್ಗೂ ನೀನು ನಿನ್ನ ಊಟದ ಶಿಸ್ತು ಮಾತ್ರ ಬಿಡ್ಬೇಡ." ಬೋರಲು ಮಲಗಿ ದಿಂಬಿಗೆ ಮುಖ ಒತ್ತಿದ.

ಅಳು ಬರುತ್ತದೆ ಎಂದುಕೊಂಡಿದ್ದಳು, ಬರಲಿಲ್ಲ. ಬಂದದ್ದು ಹೇಸಿಗೆ. ಅವನ ವಿಶಾಲವಾದ ಬೆನ್ನನ್ನು ನೋಡುತ್ತಾ, ಈ ಮನೆಯಲ್ಲಿ ಹುಟ್ಟುವ ಮಗು ಹೇಗಿದ್ದೀತು ಎಂದು ಮೊದಲ ಸಲ ಯೋಚಿಸಿದಳು. ಹೆಣ್ಣಾದರೆ ಅದರ ತಟ್ಟೆ ಕಾಯಲು ಅಜ್ಜಿ ಕೂರುತ್ತಾರೆ. ಗಂಡಾದರೆ ಅಪ್ಪನ ಜೊತೆ ಕನ್ನಡಿಯ ಮುಂದೆ ನಿಂತು, ತಪ್ಪೆಲ್ಲ ಹೆಂಗಸರದ್ದು ಎಂದು ಕಲಿಯುತ್ತದೆ. ಮಗು ಬೇಕು ಎಂಬ ಆಸೆ ಅವಳೊಳಗೆ ಸತ್ತಿರಲಿಲ್ಲ. ಸತ್ತಿದ್ದರೆ ಇಷ್ಟು ಸಂಕಟವೂ ಇರುತ್ತಿರಲಿಲ್ಲ. ಮಗು ಬೇಕು. ಇವನದ್ದು ಬೇಡ.

ಔಷಧಿಯನ್ನು ಬಾಟಲಿಯಿಂದ ಎಳೆದುಕೊಂಡಳು.

"ಮೆಲ್ಲಗೆ," ಎಂದು ದಿಂಬಿನೊಳಗಿಂದ ಪೈಲ್ವಾನ ಗೊಣಗಿದ. ಚುಚ್ಚಿದಳು, ಕೊನೆಯವರೆಗೆ ಒತ್ತಿದಳು.

"ಪೂರ್ತಿ ಹೋಯ್ತಾ?"

"ಹೋಯ್ತು ರೀ," ಎಂದಳು. "ಒಂದು ಹನೀನೂ ಬಿಟ್ಟಿಲ್ಲ."