ಹೊನಗೊನೆ ನಾಟಿ

“ಮಡ್ಲು ಬಿಚ್ಚ್ರೇ, ಮುಂಡೇರಾ! ನನ್ ಗದ್ದೇದು ಕದ್ದು ತುಂಬ್ಕಂಡು ಹೊಂಟೀರಾ?”

ಗದ್ದೆಯ ಯಜಮಾನ ಮಲ್ಲಿಕಾರ್ಜುನಪ್ಪ ಬದುವಿನ ಮೇಲೆ ಬೈಕಿನ ಕೀ ತಿರುಗಿಸುತ್ತ ನಿಂತಿದ್ದ. ಬೆಳಗಿನಿಂದ ಬಗ್ಗಿ ಭತ್ತದ ಕಳೆ ಕಿತ್ತ ಹೆಂಗಸರ ಸೊಂಟ ಇನ್ನೂ ನೆಟ್ಟಗಾಗಿರಲಿಲ್ಲ. ಹುಲಿಯಮ್ಮನ ಮಡಿಲಲ್ಲಿದ್ದದ್ದು ಹೊನಗೊನೆ ಸೊಪ್ಪು. ಕಿತ್ತ ಕಳೆಯಲ್ಲಿ ಎಳೆಯದನ್ನು ಆರಿಸಿ ಮನೆಗೊಯ್ಯುವುದು ಅವಳ ಅತ್ತೆಯ ಕಾಲದಿಂದಲೂ ನಡೆದುಬಂದದ್ದು. ಆ ರಾತ್ರಿಯ ಸಾರಿಗೆ ಮನೆಯಲ್ಲಿ ಬೇರೇನೂ ಇರಲಿಲ್ಲ.

“ಕಳೆ ಕಣ್ರೀ ಗೌಡ್ರೇ, ಒಗಿಯೋದು. ಹೋದ್ವರ್ಷ ಈ ಸೊಪ್ಪು ನೋಡಿ ನಿಮ್ ಸೊಸೀನೇ ಅಂದಿದ್ರಲ್ಲ, ದನ ತಿನ್ನೋದ್ ತಿಂತೀರಿ, ದೂರ ಕುಂತು ಉಣ್ರಿ ಅಂತ?”

“ಈಗ ಶಿರಾಳಕೊಪ್ಪದ ಡಾಕ್ಟ್ರು ನನ್ ಕಣ್ಣಿಗೆ ಒಳ್ಳೇದು ಅಂದಾರೆ. ನನ್ ಗದ್ದೇಲಿ ಹುಟ್ಟಿದ್ದೆಲ್ಲ ನನ್ ಬೆಳೆ. ಸುರೀರಿ!”

ಪಕ್ಕದಲ್ಲಿದ್ದ ರಮಾಬಾಯಿ ಕಿಸಕ್ಕನೆ ನಕ್ಕಳು. “ಡಾಕ್ಟ್ರು ಸಗಣಿ ಒಳ್ಳೇದು ಅಂದ್ರೆ ನಮ್ಮ ಎಮ್ಮೆ ಹಿಂದೇನೂ ಬಂದು ನಿಲ್ತಾರೆ ಬಿಡು ಇವ್ರು.”

ಮಲ್ಲಿಕಾರ್ಜುನಪ್ಪ ಬದುವಿನಿಂದಲೇ ಬಗ್ಗಿ ಹುಲಿಯಮ್ಮನ ಸೆರಗಿಗೆ ಕೈಹಾಕಿ ಜಗ್ಗಿದ. ಗಂಟು ಬಿಚ್ಚಿ ಸೊಪ್ಪು ಕೆಸರಿಗೆ ಬಿತ್ತು. ಅವಳು ಎರಡೂ ಕೈಯಲ್ಲಿ ಎದೆ ಮುಚ್ಚಿಕೊಂಡು ಸೆರಗು ಎಳೆದುಕೊಂಡಳು. ಈಗ ಯಾರೂ ನಗಲಿಲ್ಲ.

“ಆಯ್ದು, ತೊಳ್ದು, ಬೈಕಿನ ಚೀಲಕ್ಕೆ ಹಾಕು.”

ಹುಲಿಯಮ್ಮ ಬಗ್ಗಿದಳು. ಒಂದು ದಂಟು ಎತ್ತಿ ಭತ್ತದ ಎರಡು ಸಾಲಿನ ನಡುವೆ ಊರಿದಳು. ಪಕ್ಕದಲ್ಲಿ ಇನ್ನೊಂದು. ಹೆಬ್ಬೆರಳಲ್ಲಿ ಒತ್ತುತ್ತ, ನಾಟಿಯ ದಿನ ಮಾಡುವಂತೆಯೇ ಹಿಂದಕ್ಕೆ ಹಿಂದಕ್ಕೆ ಸರಿದಳು. ಕೆಸರು ತಾಕಿದರೆ ಸಾಕು, ಬೇರು ಬಿಡುವ ಸೊಪ್ಪು ಅದು.

“ಏನೇ ಮಾಡ್ತಿದೀಯ, ಲೌಡಿ?”

“ಬೆಳೆ ಅಂದ್ರಲ್ಲ ಗೌಡ್ರೇ. ಬೆಳೆ ಕಿತ್ತಿದ್ದು ನಮ್ದೇ ತಪ್ಪು. ತಿರ್ಗಾ ನೆಡ್ತೀವಿ.”

ರಮಾಬಾಯಿ ಬದುವಿನ ಮೇಲೆ ಒಟ್ಟಿದ್ದ ಕಳೆಯ ರಾಶಿಯನ್ನು ತಬ್ಬಿ ತಂದು ಗದ್ದೆಗೆ ಚೆಲ್ಲಿದಳು: ಹುಲ್ಲು, ಜೊಂಡು, ಹೊನಗೊನೆ, ಎಲ್ಲ. ಉಳಿದವರೂ ಸಾಲು ಹಿಡಿದು ಬಗ್ಗಿದರು. ಒಂದು ದಿನದ ಕೆಲಸ ಕಣ್ಣೆದುರೇ ವಾಪಸು ಗದ್ದೆಗಿಳಿಯತೊಡಗಿತು.

“ನಿಲ್ಸ್ರೇ! ನಾಳಿಂದ ಈ ಕಡೆ ಕಾಲಿಟ್ರೆ ಮುರೀತೀನಿ!” ಮಲ್ಲಿಕಾರ್ಜುನಪ್ಪ ಬೂಟುಗಾಲಲ್ಲೇ ಗದ್ದೆಗೆ ಹಾರಿದ. ಮೊಣಕಾಲವರೆಗೆ ಹೂತುಹೋದ.

ನಾಳೆಯ ಕೂಲಿಯೂ ಹೋಯಿತು, ಇವತ್ತಿನ ಸಾರೂ ಹೋಯಿತು. ಹುಲಿಯಮ್ಮ ತಲೆ ಎತ್ತದೆ ಅವನ ಬೂಟಿನ ಹತ್ತಿರ ಬಂದಳು.

“ಒಸಿ ಕಾಲೆತ್ರೀ ಗೌಡ್ರೇ. ನಿಮ್ ಬೆಳೆ ತುಳೀತಿದೀರಿ.”